ರಾಜ ಮಗಳನ್ನು ಮಾರಿದನಂತೆ, ಹೌದಾ? – ಕೇಳುವವರಿಗೆಲ್ಲ ಒಂದೇ ಸಲ ಉತ್ತರ

ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: “ಮಡಿಕೇರಿಯ ಕೊನೇ ರಾಜ ಇಂಗ್ಲೆಂಡಿಗೆ ಓಡಿಹೋಗಿ ಮಗಳನ್ನು ರಾಣಿಗೆ ಮಾರಿಬಿಟ್ಟನಂತೆ, ಹೌದಾ?” ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ಕಾಯುತ್ತಾ, ಸುಟ್ಟ ಜೋಳ ತಿನ್ನುತ್ತಾ ಕೇಳುವ ಪ್ರಶ್ನೆ ಇದು. ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಕೇಳಿದವರು ಕಾರಿನ ಕಡೆ ಹೊರಟಿರುತ್ತಾರೆ. ಅದಕ್ಕೇ ಬರೆದಿಡುವುದು.

ಓಡಿಹೋಗಲಿಲ್ಲ. 1834ರ ಏಪ್ರಿಲ್ 6ಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿ ಕೋಟೆಗೆ ಬಂತು. ನಾಲ್ಕುನಾಡು ಅರಮನೆಯಲ್ಲಿದ್ದ ಆ ಕೊನೇ ರಾಜ ಚಿಕ್ಕವೀರರಾಜೇಂದ್ರ ನಾಲ್ಕು ದಿನ ಬಿಟ್ಟು ಕರ್ನಲ್ ಫ್ರೇಸರನಿಗೆ ಶರಣಾದ. ಮೇ 7ಕ್ಕೆ ಕೊಡಗು ಕಂಪನಿಯದೆಂದು ಘೋಷಣೆ ಆಯಿತು. ಅಷ್ಟರಲ್ಲಿ ರಾಜನನ್ನು ಘಟ್ಟ ಇಳಿಸಿ ಆಗಿತ್ತು. ಮೊದಲು ವೇಲೂರು, ಆಮೇಲೆ ಕಾಶಿ.

ಕಾಶಿಯೇ ಯಾಕೆ ಎಂದು ಯಾರೂ ಕೇಳುವುದಿಲ್ಲ. ಟಿಪ್ಪುವಿನ ಮಕ್ಕಳನ್ನು ವೇಲೂರು ಕೋಟೆಯಲ್ಲಿಟ್ಟು, 1806ರಲ್ಲಿ ಅಲ್ಲೇ ಸಿಪಾಯಿಗಳು ದಂಗೆಯೆದ್ದ ಮೇಲೆ ಅವರನ್ನು ಕಲ್ಕತ್ತೆಗೆ ಸಾಗಿಸಿದ್ದು ಕಂಪನಿಗೆ ಮರೆತಿರಲಿಲ್ಲ. ಪಟ್ಟ ಕಳೆದುಕೊಂಡವನನ್ನು ಅವನ ಭಾಷೆ ಬಾರದ ಊರಿನಲ್ಲಿ ಇಡಬೇಕು, ಆಳುಕಾಳು ಇರಬೇಕು, ತಿಂಗಳ ಪಿಂಚಣಿ ತಪ್ಪಬಾರದು, ಊರಿನ ಸುದ್ದಿ ಮಾತ್ರ ತಲುಪಬಾರದು. ಲಿಂಗಾಯತ ದೊರೆಗೆ ಕಾಶಿಯಲ್ಲಿ ಜಂಗಮವಾಡಿ ಮಠವೂ ಇತ್ತು. ನೋಡುವವರಿಗೆ ಸೆರೆಯಂತೆ ಕಾಣುವುದಿಲ್ಲ, ತೀರ್ಥಯಾತ್ರೆಯಂತೆ ಕಾಣುತ್ತದೆ. (ಹೌದು, ಲಿಂಗಾಯತ. ಕೊಡಗನ್ನಾಳಿದ ಹಾಲೇರಿ ಅರಸರು ಕೊಡವರಲ್ಲ. ಇದನ್ನೂ ವಾರಕ್ಕೊಮ್ಮೆ ಹೇಳಬೇಕಾಗುತ್ತದೆ.)

ಪ್ರಶ್ನೆಯಲ್ಲಿ ಬರುವ ಆ ಮಗಳು ಗೌರಮ್ಮ. ಅವಳು ಹುಟ್ಟಿದ್ದು ಆ ಕಾಶಿಯಲ್ಲೇ, 1841ರಲ್ಲಿ. ‘ಕೊಡಗಿನ ರಾಜಕುಮಾರಿ’ ಎಂದು ಈಗ ಎಲ್ಲರೂ ಕರೆಯುವ ಆ ಹುಡುಗಿ ಕೊಡಗನ್ನು ಕಂಡವಳಲ್ಲ. ಅವಳ ಅಕ್ಕ ಒಬ್ಬಳನ್ನು ನೇಪಾಳದ ಜಂಗ್ ಬಹಾದುರ್ ರಾಣಾ ಮದುವೆಯಾದ. ಆ ಮದುವೆಯ ವಿಷಯದಲ್ಲಿ ‘ಮಾರಿದ’ ಎಂಬ ಮಾತನ್ನು ಯಾರ ಬಾಯಲ್ಲೂ ಕೇಳಿಲ್ಲ, ಯಾಕೋ.

1852ರಲ್ಲಿ ರಾಜ ಹಡಗು ಹತ್ತಿದ್ದು ದುಡ್ಡಿಗಾಗಿ. ಪಿಂಚಣಿ ಪಡೆಯುವವನ ಉಸಿರಿನ ಜೊತೆ ನಿಲ್ಲುತ್ತದೆ, ಸಾಲಪತ್ರ ಹಾಗಲ್ಲ, ಮಕ್ಕಳಿಗೂ ಬರುತ್ತದೆ. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ದೊಡ್ಡ ಗಂಟೊಂದನ್ನು ಬಡ್ಡಿಗೆ ಇಟ್ಟಿದ್ದ, ಮಗಳು ದೇವಮ್ಮಾಜಿಯ ಹೆಸರಿನಲ್ಲಿ. ಇಲ್ಲಿ ಎಲ್ಲರೂ ಎಡವುತ್ತಾರೆ. ದೇವಮ್ಮಾಜಿಯರು ಇಬ್ಬರು. 1809ರಲ್ಲಿ ಅಪ್ಪ ಸತ್ತ ಮೇಲೆ ಪಟ್ಟಕ್ಕೆ ಹೆಸರಾಗಿ, 1811ರಲ್ಲಿ ಚಿಕ್ಕಪ್ಪ ಲಿಂಗರಾಜನ ಕೈಯಲ್ಲಿ ಅದನ್ನು ಕಳೆದುಕೊಂಡವಳು ಒಬ್ಬಳು. ಗಂಡ ಚನ್ನಬಸವನ ಜೊತೆ 1832ರಲ್ಲಿ ಕಂಪನಿಯ ಆಶ್ರಯಕ್ಕೆ ಹೋಗಿ ಜಗಳಕ್ಕೆ ಕಿಡಿ ಹಚ್ಚಿದವಳು ಚಿಕ್ಕವೀರನ ತಂಗಿ, ಇನ್ನೊಬ್ಬಳು. ಇವರಿಬ್ಬರನ್ನು ಒಬ್ಬಳೇ ಮಾಡಿದರೆ ದುಡ್ಡಿನ ಕತೆ ತಲೆಬುಡ ಅರ್ಥವಾಗುವುದಿಲ್ಲ.

ಆ ಗಂಟು ತನಗೆ ಸೇರಬೇಕು ಎಂದು ರಾಜ ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. ಗೆಲ್ಲಲಿಲ್ಲ. ಯುದ್ಧದಲ್ಲಿ ಒಂದು ಪ್ರಭುತ್ವ ಇನ್ನೊಂದರಿಂದ ವಶಪಡಿಸಿಕೊಂಡದ್ದನ್ನು ಸಾಮಾನ್ಯ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದಾಯಿತು. ಸಾಲ ಪಡೆಯುವಾಗ ಕಂಪನಿ ವ್ಯಾಪಾರಿ, ತೀರಿಸುವಾಗ ದೊರೆ. ಇಷ್ಟು ಸಲೀಸಾದ ವ್ಯವಹಾರ ನಮ್ಮ ಕಾಫಿ ದಲ್ಲಾಳಿಗಳಿಗೂ ಹೊಳೆದಿಲ್ಲ.

ಮಗಳ ವಿಷಯ. ಹನ್ನೊಂದರ ಗೌರಮ್ಮನಿಗೆ 1852ರಲ್ಲೇ ಕ್ರೈಸ್ತ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನೂ ಕೊಟ್ಟಳು. ರಾಣಿಯ ಒಲವು ಇದ್ದರೆ ದಾವೆಗೆ ಬಲ ಬರುತ್ತದೆಂದು ಅಪ್ಪ ಲೆಕ್ಕ ಹಾಕಿದ್ದಿರಬೇಕು. ಲೆಕ್ಕ ತಪ್ಪಿತು. ಹುಡುಗಿ ಇಂಗ್ಲಿಷರ ಮನೆಗಳಲ್ಲಿ ಬೆಳೆದಳು, ಅಪ್ಪನಿಗೇ ಅವಳ ಭೇಟಿ ಕಷ್ಟವಾಯಿತು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಗಂಟುಹಾಕುವ ಯೋಚನೆ ರಾಣಿಗಿತ್ತು, ಅವನು ಒಲ್ಲೆನೆಂದ. 1860ರಲ್ಲಿ ತನಗಿಂತ ತೀರಾ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾದಳು, ಒಂದು ಹೆಣ್ಣುಮಗು ಆಯಿತು, 1864ರಲ್ಲಿ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ, 1859ರಲ್ಲಿ, ಲಂಡನ್ನಿನಲ್ಲಿ ಹೋಗಿದ್ದ. ಇದನ್ನು ಮಾರಾಟ ಎನ್ನುವುದಾದರೆ, ಕೈಗೆ ಕಾಸು ಬರದ ಮಾರಾಟ.

ರಾಜ ಒಳ್ಳೆಯವನಿದ್ದ ಎಂದು ಹೇಳುತ್ತಿಲ್ಲ. ದಾಯಾದಿಗಳನ್ನು ಒಬ್ಬೊಬ್ಬರಾಗಿ ಮುಗಿಸಿದವನು. ಹಾಗಿದ್ದೂ ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅಂಥವನು ಹೋಗಿ ಮೂರು ವರ್ಷಕ್ಕೆ, 1837ರಲ್ಲಿ, ಅದೇ ಮನೆತನದ ಹೆಸರಿನಲ್ಲಿ ಜನ ಕತ್ತಿ ಹಿಡಿದದ್ದು ಯಾಕೆ?

ಕಂದಾಯ. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕತ್ತರಿಸಿ ಕೆನರಾ ಜಿಲ್ಲೆಗೆ ಹಾಕಿತು. ರಾಜನ ಕಾಲದಲ್ಲಿ ಬೆಳೆದದ್ದನ್ನೇ ಅಳೆದು ಕೊಟ್ಟರೆ ಸಾಕಿತ್ತು. ಈಗ ನಗದೇ ಆಗಬೇಕು. ಕಾಡಂಚಿನ ಗದ್ದೆಯವನ ಕೈಗೆ ನಗದು ಬರಬೇಕಾದರೆ ಭತ್ತವನ್ನು ಕೊಯ್ಲಿನ ಹೊತ್ತಿಗೇ, ಬೆಲೆ ಬಿದ್ದಾಗಲೇ, ಮಾರಬೇಕು. ಇಲ್ಲವೇ ಸಾಲ ಕೊಡುವವನ ಜಗಲಿ ಹತ್ತಬೇಕು. ಉಪ್ಪು, ಹೊಗೆಸೊಪ್ಪಿನ ಮೇಲೆ ಕಂಪನಿಯ ಹಿಡಿತ ಬೇರೆ.

ಮುಂದಾಳಾಗಲು ಒಬ್ಬ ಹಾಲೇರಿ ಕುವರ ಬೇಕಿತ್ತು. ಅಪರಾಂಪರನೆಂಬ ಸ್ವಾಮಿ ಆ ವಂಶದವನೆಂದು ಹೇಳಿಕೊಂಡು ಸೆರೆಯಾಗಿದ್ದ, ಹಾಗೇ ಹೇಳಿಕೊಂಡ ಕಲ್ಯಾಣಸ್ವಾಮಿ ಎಂಬವನೂ ಸಿಕ್ಕಿಬಿದ್ದ. ಆಗ ಪುಟ್ಟಬಸಪ್ಪ ಎಂಬಾತ ತಾನೇ ಕಲ್ಯಾಣಸ್ವಾಮಿ ಎಂದು ಎದ್ದುನಿಂತ. ಅಲ್ಲವೆಂದು ಎದುರು ನಿಂತು ಹೇಳಲು ಅರಮನೆಯ ನೆಂಟರು ಉಳಿದಿದ್ದರೆ ತಾನೇ? ರಾಜ ಮಾಡಿದ ಕೊಲೆಗಳೇ ಸುಳ್ಳು ಕುವರನಿಗೆ ದಾರಿ ಬಿಟ್ಟುಕೊಟ್ಟವು. ಬೆಳ್ಳಾರೆಯ ಖಜಾನೆ ಕೈಗೆ ಬಂತು, ಏಪ್ರಿಲ್ 5ಕ್ಕೆ ಮಂಗಳೂರು. ಹದಿಮೂರು ದಿನ ಅಲ್ಲಿ ಕಂಪನಿಯ ಆಡಳಿತ ಇರಲಿಲ್ಲ. ಇತ್ತ ಕೊಡಗಿನ ದಿವಾನರು ಕಂಪನಿಯ ಪಕ್ಕ ನಿಂತರು. ಹಾಗೆ ನಿಂತವರಿಗೆ ಚಿನ್ನದ, ಬೆಳ್ಳಿಯ ಪದಕ ಸಿಕ್ಕವು. ಈ ಮಾತು ಎತ್ತಿದರೆ ಕೆಲವು ಮನೆಗಳಲ್ಲಿ ಕಾಫಿ ಬರುವುದು ತಡವಾಗುತ್ತದೆ.

ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು, ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ. ನಿಜವಾದ ಹಾಲೇರಿ ದೊರೆ ಅಷ್ಟೂ ಹೊತ್ತು ಕಾಶಿಯಲ್ಲಿ ಪಿಂಚಣಿ ಎಣಿಸುತ್ತಿದ್ದ.

ರಾಜಾಸೀಟಿನಿಂದ ಅರಸರ ಸಮಾಧಿಗಳಿರುವ ಗದ್ದುಗೆಗೆ ದೂರವೇನಿಲ್ಲ. ಜೋಳ ಮುಗಿಸಿ ಹೋಗಿ ಬನ್ನಿ. ದೊಡ್ಡವೀರರಾಜೇಂದ್ರನದು ಇದೆ, ಲಿಂಗರಾಜೇಂದ್ರನದು ಇದೆ. ಲಿಂಗರಾಜೇಂದ್ರನದನ್ನು 1820ರಲ್ಲಿ ಕಟ್ಟಿಸಿದ ಚಿಕ್ಕವೀರನದು ಮಾತ್ರ ಅಲ್ಲಿಲ್ಲ. ಹುಡುಕಬೇಡಿ.