ಲೈನ್ ಕೆಲಸ, ಧೋ ಮಳೆ, ಕುಡಿಯಲು ನೀರಿಲ್ಲ

ಹೊಸನಗರ, ತೀರ್ಥಹಳ್ಳಿ ಕಡೆಯ ಲೈನ್‌ಮನ್‌ಗಳಿಗೆ ಜುಲೈ ಬಂತೆಂದರೆ ಕಾಡೇ ಮನೆ. ಮುಂದೆ ತಂತಿಯ ಮೇಲೆ ಮರ ಬಿದ್ದಿರುತ್ತದೆ, ಹಿಂದೆ ಧರೆ ಕುಸಿದು ದಾರಿ ಮುಚ್ಚಿರುತ್ತದೆ, ತಂದ ನೀರು ಮಧ್ಯಾಹ್ನಕ್ಕೇ ಖಾಲಿ. ಹಳ್ಳ ತುಂಬಿ ಹರಿಯುತ್ತಿದ್ದರೂ ಅದು ಗದ್ದೆ, ಕೊಟ್ಟಿಗೆಗಳನ್ನು ತೊಳೆದುಕೊಂಡು ಬಂದ ಕೆಂಪು ನೀರು. ಇಲಿಜ್ವರದ ಭಯವೂ ಇದ್ದೇ ಇದೆ. ಹಾಗಾಗಿ ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದು ಮಳೆನೀರು ಹಿಡಿಯಲು ಟಾರ್ಪಾಲು ಕಟ್ಟುವುದನ್ನು.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 2 ಮೀಟರ್ ಅಗಲ, 3 ಮೀಟರ್ ಉದ್ದದ ಟಾರ್ಪಾಲಿಗೆ 10 ಮಿ.ಮೀ. ಮಳೆಯಲ್ಲಿ ಹೆಚ್ಚುಕಡಿಮೆ 60 ಲೀಟರ್. ಆಗುಂಬೆ, ಹುಲಿಕಲ್ ಕಡೆ ಅಷ್ಟು ಸುರಿಯಲು ಎಷ್ಟು ಹೊತ್ತು ಬೇಕು? ಎಷ್ಟು ಸಿಗುತ್ತದೆ ಎಂಬ ಚಿಂತೆ ನಮಗಿಲ್ಲ, ಏನನ್ನು ಮುಟ್ಟಿ ಬಂತು ಎಂಬುದೇ ಚಿಂತೆ.

ಟಾರ್ಪಾಲನ್ನು ಬಯಲಿನಲ್ಲೇ ಕಟ್ಟಬೇಕು. ಮರದಿಂದ ತೊಟ್ಟಿಕ್ಕುವ ನೀರಿನಲ್ಲಿ ಹಕ್ಕಿಯ ಹಿಕ್ಕೆ ಇರುತ್ತದೆ. ಅಡಿಕೆ ತೋಟದೊಳಗಂತೂ ಬೇಡವೇ ಬೇಡ. ಕೊಳೆರೋಗಕ್ಕೆಂದು ತಾಮ್ರದ ಅಂಶವಿರುವ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ತಾಮ್ರ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಔಷಧಿ ಕಲಸಿದ ಡ್ರಮ್ಮನ್ನು ತೋಟದವರು ತೊಳೆದು ಪ್ರೀತಿಯಿಂದ ಕೊಟ್ಟರೂ ನಯವಾಗಿ ಬೇಡ ಎನ್ನಿ. ವಿದ್ಯುತ್ ಕಂಬ ವಾಲದಂತೆ ಎಳೆದು ಕಟ್ಟಿದ ಸ್ಟೇ ವೈರಿಗೇ ಹಗ್ಗ ಬಿಗಿಯಲು ಹೊರಡುವ ಬುದ್ಧಿವಂತರೂ ಇದ್ದಾರೆ; ಅವರಿಗೆ ನನ್ನ ಬೈಗುಳವೇ ಬೇರೆ.

ಒಂದು ಮೂಲೆ ತಗ್ಗಿಸಿ, ಕೆಳಗೆ ಬಿಂದಿಗೆ ಇಡಬೇಕು. ಮೊದಲು ಬಿದ್ದ ನೀರು ಟಾರ್ಪಾಲನ್ನು ತೊಳೆದುಕೊಂಡು ಹೋಗಲಿ, ಹಿಡಿಯಬೇಡಿ. ಆಮೇಲಿನದನ್ನು ಒಗೆದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಬೇಕು. ಸೋಸಿದರೆ ಕಸ ಹೋಯಿತು ಅಷ್ಟೇ, ರೋಗಾಣು ಹಾಗೇ ಉಳಿಯುತ್ತದೆ.

ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಸಾಕು. 2,000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ ಎನ್ನುತ್ತಾರೆ. ಕೊಡಚಾದ್ರಿಯೇ 1,343 ಮೀಟರ್, ಆ ಲೆಕ್ಕ ನಮಗೆ ಬೇಡ. ಒಣ ಸೌದೆ ಸಿಗದಿದ್ದರೆ ಕ್ಲೋರಿನ್ ಮಾತ್ರೆ. ಪೊಟ್ಟಣದ ಮೇಲೆ ಬರೆದಷ್ಟೇ ಹಾಕಿ, ಮುಚ್ಚಿ ಅರ್ಧ ಗಂಟೆ ಬಿಡಬೇಕು. ನೀರು ರಾಡಿಯಾಗಿದ್ದರೆ ಮಾತ್ರೆಯ ಶಕ್ತಿಯನ್ನು ಮಣ್ಣೇ ತಿಂದುಹಾಕುತ್ತದೆ, ಅದಕ್ಕೇ ಸೋಸುವುದು ಮೊದಲು. ಪಾರದರ್ಶಕ ಬಾಟಲಿಯಲ್ಲಿ 6 ಗಂಟೆ ಬಿಸಿಲಿಗಿಡುವ ಉಪಾಯವೂ ಇದೆ. ಆಷಾಢದ ಆಗುಂಬೆಯಲ್ಲಿ ಬಿಸಿಲು ಹುಡುಕುವವರಿಗೆ ನನ್ನ ನಮಸ್ಕಾರ.

ಕುದಿಸಿದ ನೀರು ಹೊಗೆ ವಾಸನೆ ಎಂದು ಹುಡುಗರು ಮೂಗು ಮುರಿಯುತ್ತಾರೆ. ಅದಕ್ಕೆಂದೇ ಟೂಲ್ ಬ್ಯಾಗಿನಲ್ಲಿ ಚಹಾಪುಡಿಯೂ ಬೆಲ್ಲವೂ ಇರುತ್ತವೆ.