ಧಣಿಯ ದುಡ್ಡು ಮೊದಲು ಮೈದಾನಕ್ಕೆ

ಫುಟ್‌ಬಾಲ್ ಟೀಮಿಗೆ ದುಡ್ಡು ಹಾಕುವವರಿಗೆ ಮಂಗಳೂರಲ್ಲಿ ಬರವಿಲ್ಲ. ಮೀನು, ಹೋಟೆಲ್ಲು, ಗಲ್ಫ್ ದುಡಿಮೆ ಅಂತ ಸ್ವಂತ ಬಲದಲ್ಲಿ ಮೇಲೆ ಬಂದ ಧಣಿಗಳು ಟೂರ್ನಮೆಂಟ್ ಹತ್ತಿರ ಬಂದಾಗ ಜೆರ್ಸಿ ಹೊಲಿಸಿ, ಹೊರಗಿನಿಂದ ನಾಲ್ಕು ಆಟಗಾರರನ್ನು ಕರೆಸುತ್ತಾರೆ. ಕಪ್ ಬಂದರೂ ಮಾರನೇ ವಾರ ಟೀಮ್ ಇರುವುದಿಲ್ಲ.

ಇಂಥವರು ನೋಡಬೇಕಾದ್ದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಲೆಕ್ಕ. ಅದೇ ಊರಿನ ಜ್ಯಾಕ್ ವಾಕರ್ ಅಪ್ಪನ ಸಣ್ಣ ತಗಡಿನ ಕೆಲಸವನ್ನು ದೊಡ್ಡ ಉಕ್ಕಿನ ವ್ಯಾಪಾರವಾಗಿ ಬೆಳೆಸಿ 1989ರಲ್ಲಿ ಬ್ರಿಟಿಷ್ ಸ್ಟೀಲ್‌ಗೆ ಮಾರಿದರು. 1991ರಲ್ಲಿ ಕ್ಲಬ್ ಅವರ ಕೈಗೆ ಬಂತು. ಅದೇ ವರ್ಷ ಕೆನ್ನಿ ಡಾಲ್ಗ್ಲಿಷ್ ಮ್ಯಾನೇಜರ್, ಮರುವರ್ಷ ಗೋಲು ಹೊಡೆಯುವ ಆಟಗಾರ ಅಲನ್ ಶಿಯರರ್, 1995ರಲ್ಲಿ ಪ್ರೀಮಿಯರ್ ಲೀಗ್ ಪಟ್ಟ. ಎಲ್ಲರಿಗೂ ನೆನಪಿರುವುದು ಶಿಯರರ್. ಆದರೆ ವಾಕರ್ ಕ್ಲಬ್ಬಿನ ಮೈದಾನವಾದ ಈವುಡ್ ಪಾರ್ಕ್‌ನ ಸ್ಟ್ಯಾಂಡ್‌ಗಳನ್ನೂ ಕಟ್ಟಿಸಿದ್ದರು. 1999ರಲ್ಲಿ ಟೀಮ್ ಕೆಳಗಿನ ಡಿವಿಷನ್‌ಗೆ ಬಿತ್ತು, ಸ್ಟ್ಯಾಂಡ್ ಎಲ್ಲಿಗೂ ಹೋಗಲಿಲ್ಲ. 2010ರಲ್ಲಿ ಕ್ಲಬ್ ಕೊಂಡದ್ದು ಪುಣೆಯ ಕೋಳಿ ವ್ಯಾಪಾರದ ವೆಂಕೀಸ್. ಕೆಲವೇ ವಾರಗಳಲ್ಲಿ ಮ್ಯಾನೇಜರ್ ಬದಲು, 2012ರಲ್ಲಿ ಮತ್ತೆ ಕೆಳಕ್ಕೆ.

ನಮ್ಮಲ್ಲಿ ಮೈದಾನವೆಂದರೆ ಮಳೆಯ ಲೆಕ್ಕ. ಗಟ್ಟಿ ಕೆಂಪು ಮಣ್ಣಿನ ಮೇಲೆ ಜೂನ್‌ನ ನೀರು ನಿಂತರೆ ಹುಲ್ಲಿನ ಬೇರು ಕೊಳೆಯುತ್ತದೆ. 68 ಮೀಟರ್ ಅಗಲದ ಅಂಗಣಕ್ಕೆ ನಡುವಿನಿಂದ ಎರಡೂ ಬದಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಿ, ಅಂದರೆ ನಡುಭಾಗ ಅಂಚಿಗಿಂತ ಸುಮಾರು 34 ಸೆಂಟಿಮೀಟರ್ ಎತ್ತರ. ಗೆರೆಯ ಹೊರಗೆ ನೀರು ಹೋಗಲು ಜಲ್ಲಿ ತುಂಬಿದ ಕಣಿ. ಮೇಲ್ಪದರಕ್ಕೆ ಹೊಯ್ಗೆ (ಮರಳು) ಬೆರೆಸುವಾಗ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್‌ನ ನಯ ಪುಡಿ ಸೇರದಂತೆ ನೋಡಿಕೊಳ್ಳಿ. ಅದು ಮಣ್ಣಿನ ಸಂದು ಕಟ್ಟಿ ನೀರು ಇಳಿಯಲು ಬಿಡುವುದಿಲ್ಲ. ಮಣ್ಣು ಒದ್ದೆಯಿದ್ದಾಗ ರೋಲರ್ ಎಳೆದರೂ ಅದೇ ಗತಿ (ನಮ್ಮಲ್ಲಿ ಎಳೆಯುವುದು ಹೆಚ್ಚಾಗಿ ಆವಾಗಲೇ). ಗರಿಕೆ ಒಳ್ಳೆಯದು, ಆದರೆ ತೆಂಗಿನ ನೆರಳಿನ ಕಡೆ ಬೋಳಾಗುತ್ತದೆ. ಎಲ್ಲಕ್ಕಿಂತ ಮೊದಲು ಸವೆಯುವುದು ಗೋಲಿನ ಬಾಯಿ. ಪ್ರಾಕ್ಟೀಸಿಗೆ ಎತ್ತಿಡುವ ಗೋಲುಗಳನ್ನು ಇಟ್ಟುಕೊಂಡು ಜಾಗ ಬದಲಿಸುತ್ತಿರಿ. ಹಿಂಬದಿಯ ಪಟ್ಟಿಗೆ ಹೊಯ್ಗೆ ಚೀಲ ಹೇರದಿದ್ದರೆ ಒಬ್ಬ ಹುಡುಗ ನೇತಾಡಿದರೂ ಮಗುಚುತ್ತದೆ.

ಬಾಡಿಗೆ ಟರ್ಫ್ (ಕೃತಕ ಹುಲ್ಲಿನ ಸಣ್ಣ ಅಂಗಣ) ಮಳೆಗಾಲಕ್ಕೆ ಸಾಕು. ವರ್ಷವಿಡೀ ಅಲ್ಲೇ ಆಡಿದ ಹುಡುಗನಿಗೆ ದೊಡ್ಡ ಮೈದಾನದಲ್ಲಿ ಉದ್ದ ಪಾಸು ಬರುವುದಿಲ್ಲ. ಹೊಳೆಯಾಚೆಯ ಬೆಂಗ್ರೆಯ ಹುಡುಗರನ್ನು ಸೇರಿಸಿಕೊಂಡರೆ ಪ್ರಾಕ್ಟೀಸಿನ ಹೊತ್ತು ದೋಣಿಯ ಸಮಯ ನೋಡಿ ಇಡಿ.

ಕಾಗದಪತ್ರ ಧಣಿಯ ಹೆಸರಲ್ಲಿ ಬೇಡ. ಸಂಘವಾಗಿ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ. ಕಿರಿಯರ ನೋಂದಣಿ ಸಿಕ್ಕಿಹಾಕಿಕೊಳ್ಳುವುದು ಜನನ ಪತ್ರದ ತಾರೀಕಿಗೂ ಆಧಾರ್‌ಗೂ ತಾಳೆಯಾಗದಾಗ. ಅದನ್ನು ಸರಿಪಡಿಸುವ ಓಡಾಟ ಸೀಸನ್‌ಗೆ ಮೊದಲೇ ಮುಗಿಯಬೇಕು.