ಸೀರಿಯಲ್ ನಂಬರಿನ ಕೊನೆಯಲ್ಲಿ ‘ಯು’ ಇತ್ತು

ಗ್ರಾಹಕರ ಕರೆಗಳನ್ನು ದಾಖಲಿಸುವ ನಮ್ಮ ತಂತ್ರಾಂಶ ಸಿಆರ್‌ಎಂನಲ್ಲಿ ಟಿಕೆಟ್ (ಒಂದು ಕರೆಯ ದಾಖಲೆ) ತೆರೆದ ಕೂಡಲೇ ಆಗ ಬರುತ್ತಿದ್ದ ಮೊದಲ ಪ್ರಶ್ನೆ: ‘ಮೊದಲ ಮಾಲೀಕರೇ?’ ‘ಇಲ್ಲ’ ಅಂತ ಒತ್ತಿದರೆ ಮಿಕ್ಕ ಕಾಲಂಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಉಳಿಯುತ್ತಿದ್ದದ್ದು ಒಂದೇ ಟೆಂಪ್ಲೇಟ್: ‘ದಯವಿಟ್ಟು ನಿಮಗೆ ಮಾರಿದವರನ್ನು ಸಂಪರ್ಕಿಸಿ.’ ಯಾವ ಮಾಡೆಲ್, ಹೊಗೆ ಬಂತಾ, ಶಾಕ್ ಹೊಡೀತಾ, ಇದ್ಯಾವುದನ್ನೂ ಅದು ಕೇಳುತ್ತಿರಲಿಲ್ಲ. ನಾನು ಆಂಪ್ಲಿಫೈಯರ್ ತಯಾರಿಸುವ ಕಂಪನಿಯೊಂದರ ಸಪೋರ್ಟ್ ಡೆಸ್ಕಿನಲ್ಲಿದ್ದೇನೆ. ಆ ಮೊದಲ ಪ್ರಶ್ನೆಯನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆವತ್ತು ಫೋನ್ ಮಾಡಿದವರು ನಮ್ಮ ಹಳೆಯ ಕ್ಲಾಸ್ ಎ (ಒಳಗೆ ಸದಾ ಕರೆಂಟ್ ಹರಿಯುವ ಬಗೆಯ) ಪವರ್ ಆಂಪ್ ಒಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ದೂರು ಏನೂ ಇರಲಿಲ್ಲ. ಯೂಸರ್ ಮ್ಯಾನ್ಯುಯಲ್ ಬೇಕಿತ್ತು, ಅಷ್ಟೇ. ಪ್ಲಗ್ ಹಾಕಿ ಆಗಿದೆ, ಹಿಂದಿನ ಮೇನ್ ಸ್ವಿಚ್ ಒತ್ತುವ ಮುಂಚೆ ಸುಮ್ನೆ ಒಂದು ಮಾತು ಕೇಳೋಣ ಅಂತ ಮಾಡಿದೆ ಅಂದರು. ಸೀರಿಯಲ್ ನಂಬರ್ ಓದಿ ಹೇಳಿ ಅಂದೆ. ಓದಿದರು. ಕೊನೆಯ ಅಕ್ಷರ ‘ಯು’.

ಬೆಂಚಿನಲ್ಲಿ, ಅಂದರೆ ನಮ್ಮ ಸರ್ವಿಸ್ ವಿಭಾಗದಲ್ಲಿ, ಕೆಲಸ ಮಾಡಿದವರಿಗೆಲ್ಲ ಆ ‘ಯು’ ಗೊತ್ತು. ಅದು 115 ವೋಲ್ಟಿಗೆ ಕಟ್ಟಿ ಕಳಿಸಿದ ಯೂನಿಟ್. ಹಿಂಭಾಗದ ಸ್ಟಿಕ್ಕರ್ ಮೇಲೆ ಎಷ್ಟು ಬರೆದಿದೆ ಅಂತ ಕೇಳಿದೆ. ‘230’ ಅಂದರು. ಅವರ ಗೋಡೆಯಲ್ಲೂ 230.

ಸ್ಟಿಕ್ಕರ್ ಬದಲಾಗಿದ್ದರೆ ಒಳಗೂ ಬದಲಾಗಿರಬಹುದು, ಅಲ್ವಾ? ಈ ಮಾಡೆಲ್‌ನ ಟ್ರಾನ್ಸ್‌ಫಾರ್ಮರ್‌ಗೆ ಎರಡು ಪ್ರೈಮರಿ ಸುತ್ತುಗಳಿವೆ, ಅಂದರೆ ಗೋಡೆಯ ಕರೆಂಟ್ ಒಳಬರುವ ತಂತಿ ಸುರುಳಿಗಳು. ಪ್ಯಾರಲಲ್‌ನಲ್ಲಿ ಜೋಡಿಸಿದರೆ 115, ಸೀರೀಸ್‌ನಲ್ಲಿ ಜೋಡಿಸಿದರೆ 230. ಬಲ್ಲವರಿಗೆ ದೊಡ್ಡ ಕೆಲಸವಲ್ಲ. ಆದರೆ ಬರೀ ಸ್ಟಿಕ್ಕರ್ ಅಂಟಿಸೋದು ಅದಕ್ಕಿಂತಲೂ ಸುಲಭ. ಪ್ಯಾರಲಲ್‌ನಲ್ಲಿರುವ ಸುತ್ತಿಗೆ 230 ಕೊಟ್ಟರೆ ಕೋರ್ (ಒಳಗಿನ ಕಬ್ಬಿಣದ ತಿರುಳು) ಸ್ಯಾಚುರೇಟ್ ಆಗಿ, ಅಂದರೆ ತನ್ನ ಕಾಂತೀಯ ಮಿತಿ ಮುಟ್ಟಿ, ವಿಪರೀತ ಕರೆಂಟ್ ಎಳೆದುಕೊಳ್ಳುತ್ತದೆ. ಆಂಪಿನ ಒಳಕ್ಕೆ ಕರೆಂಟ್ ಕೊಡುವ ಸೆಕೆಂಡರಿ ಸುತ್ತಿನಲ್ಲೂ ವೋಲ್ಟೇಜ್ ಏರುತ್ತದೆ. 50 ವೋಲ್ಟಿನ ರೈಲ್‌ಗೆ (ಒಳಗಿನ ಡಿಸಿ ಸಪ್ಲೈ ಲೈನಿಗೆ) ಅಂತ ಹಾಕಿದ 63 ವೋಲ್ಟಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಅದನ್ನು ತಡೆಯುವುದಿಲ್ಲ. ಫ್ಯೂಸ್ ಹೋಗುವ ಮುಂಚೆಯೇ ಅವು ಬಿರಿಯಬಹುದು. ಆ ಮನುಷ್ಯ ಆಂಪಿನ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು.

“ಸ್ವಿಚ್ ಮುಟ್ಟಬೇಡಿ. ಮೊದಲು ಗೋಡೆಯಿಂದ ಪ್ಲಗ್ ತೆಗೀರಿ. ತೆಗೆದು ನನಗೆ ಹೇಳಿ” ಅಂದೆ.

ಅಷ್ಟರಲ್ಲಿ ನನ್ನ ಪರದೆಯ ಮೂಲೆಯಲ್ಲಿ ಟಿಎಲ್ (ಟೀಮ್ ಲೀಡರ್) ಮೆಸೇಜ್: ‘ನಾನ್ ಎಫ್‌ಓ. ಕ್ಲೋಸ್ ಮಾಡಿ.’ ಅಂದರೆ ಇವರು ಮೊದಲ ಮಾಲೀಕರಲ್ಲ. ಒಂದು ಕರೆಗೆ ಹಿಡಿಯುವ ಸಮಯ ತೋರಿಸುವ ಎಎಚ್‌ಟಿ ಕೆಂಪಾಗಿತ್ತು. ನಾನು ಉತ್ತರ ಕೊಡಲಿಲ್ಲ.

ಪ್ಲಗ್ ತೆಗೆದಾಯಿತು ಅಂದರು. ಈಗ ಪವರ್ ಕಾರ್ಡ್ ಸಿಗಿಸುವ ಜಾಗದ ಪಕ್ಕದಲ್ಲಿರುವ ಫ್ಯೂಸ್ ಹೋಲ್ಡರ್ ತಿರುಗಿಸಿ ಬಿಚ್ಚಿ ಅಂದೆ. ಸ್ಟಿಕ್ಕರ್ ಸುಳ್ಳು ಹೇಳಬಹುದು, ಫ್ಯೂಸ್ ಹಾಗೆ ಸುಲಭವಾಗಿ ಹೇಳೋದಿಲ್ಲ. ಅಷ್ಟೇ ಪವರ್‌ಗೆ ವೋಲ್ಟೇಜ್ ಎರಡರಷ್ಟಾದರೆ ಕರೆಂಟ್ ಅರ್ಧ ಸಾಕು. ಹಾಗಾಗಿ ಈ ಮಾಡೆಲ್‌ಗೆ 115ರಲ್ಲಿ 10 ಆಂಪಿಯರ್ ಫ್ಯೂಸ್, 230ರಲ್ಲಿ 5. ಸರಿಯಾಗಿ ಕನ್ವರ್ಟ್ ಮಾಡಿದವರು ಫ್ಯೂಸನ್ನೂ ಬದಲಿಸಿರುತ್ತಾರೆ.

ಗಾಜಿನ ಫ್ಯೂಸಿನ ಲೋಹದ ಟೋಪಿಯ ಮೇಲೆ ಅಕ್ಷರ ಕೊರೆದಿರುತ್ತದೆ. ಅಕ್ಕಿಕಾಳಿನಷ್ಟೂ ಅಗಲ ಇರುವುದಿಲ್ಲ, ಬೆಳಕು ಅಡ್ಡಡ್ಡ ಬಿದ್ದರೆ ಮಾತ್ರ ಕಾಣುತ್ತದೆ. ಅವರು ಮೊಬೈಲ್ ಟಾರ್ಚ್ ಹಿಡಿದು ಅದನ್ನು ಬೆರಳಲ್ಲಿ ತಿರುಗಿಸುತ್ತಾ ಇದ್ದರು. ‘250 ವಿ’ ಅಂದರು. ಅದು ಫ್ಯೂಸ್ ತಡೆಯುವ ವೋಲ್ಟೇಜ್, ಇನ್ನೊಂದು ತುದಿ ನೋಡಿ ಅಂದೆ. ಮತ್ತೆ ಮೌನ. ಟಿಎಲ್ ಎದ್ದು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ನಾನು ಒಂದು ಕೈಯಲ್ಲಿ ಬೆಂಚಿನ ಹಳೆಯ ರಿಜಿಸ್ಟರಿನ ಸ್ಕ್ಯಾನ್ ತೆರೆದು ಆ ಸೀರಿಯಲ್ ನಂಬರ್ ಹುಡುಕುತ್ತಿದ್ದೆ. ಸಿಆರ್‌ಎಂ ಬದಲಿಸಿದಾಗ ವಾರಂಟಿ ಇದ್ದ ಯೂನಿಟ್‌ಗಳ ಮಾಹಿತಿಯನ್ನು ಮಾತ್ರ ತುಂಬಿದ್ದಾರೆ. ಅದಕ್ಕಿಂತ ಹಳೆಯದೆಲ್ಲ ಆ ಸ್ಕ್ಯಾನ್‌ನಲ್ಲೇ ಉಳಿದಿದೆ, ಹುಡುಕಲು ಪುಟ ತಿರುವುತ್ತಲೇ ಇರಬೇಕು.

“ಟಿ ಹತ್ತು ಎ.”

ಹತ್ತು ಆಂಪಿಯರ್, ಅಂದರೆ 115ರ ಫ್ಯೂಸೇ ಇನ್ನೂ ಇದೆ. ಅದೇ ಹೊತ್ತಿಗೆ ರಿಜಿಸ್ಟರಿನ ಸಾಲೂ ಸಿಕ್ಕಿತು. 115ರಲ್ಲಿ ಟೆಸ್ಟ್ ಆಗಿ ಹೊರಟದ್ದು, ಕನ್ವರ್ಷನ್ ನಮೂದು ಇಲ್ಲ. ನಾನು ಪರದೆಯನ್ನು ಟಿಎಲ್ ಕಡೆ ತಿರುಗಿಸಿದೆ. ಅವರು ಓದಿದರು, ಏನೂ ಹೇಳದೆ ವಾಪಸ್ ಹೋದರು.

ಮಾರಿದವರು ಅದನ್ನು 230ನ್ನು 115ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಬಳಸುತ್ತಿದ್ದರಂತೆ. ಆ ಡಬ್ಬಿಯನ್ನು ಕೊಡಲಿಲ್ಲ, ಹೇಳಲೂ ಇಲ್ಲ. ಸ್ಟಿಕ್ಕರ್ ಯಾರು ಅಂಟಿಸಿದರು ಅನ್ನೋದು ಕೊನೆಗೂ ಗೊತ್ತಾಗಲಿಲ್ಲ. ನಮ್ಮ ಟೆಂಪ್ಲೇಟ್ ಈ ಗ್ರಾಹಕರನ್ನು ಕಳಿಸುತ್ತಿದ್ದದ್ದು ಅದೇ ಮಾರಾಟಗಾರರ ಹತ್ತಿರ.

ಆಂಪ್ ಪೇಯ್ಡ್ ಸರ್ವಿಸ್‌ಗೆ ಬೆಂಚಿಗೆ ಬಂತು. ಪ್ರೈಮರಿಗಳನ್ನು ಸೀರೀಸ್‌ಗೆ ಬದಲಿಸಿ, 5 ಆಂಪಿಯರ್ ಫ್ಯೂಸ್ ಹಾಕಿ, ಕರೆಂಟನ್ನು ಮಿತಿಯಲ್ಲಿಡುವ ಬಲ್ಬ್ ಟೆಸ್ಟರ್ ಮೂಲಕ ಎಚ್ಚರದಿಂದ ಆನ್ ಮಾಡಿದರು. ಫಿಲ್ಟರ್ ಕೆಪ್ಯಾಸಿಟರ್‌ಗಳನ್ನೂ ಬದಲಿಸಬೇಕಾಯಿತು. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಮೇಲೆ 105 ಡಿಗ್ರಿಯಲ್ಲಿ 2000 ಗಂಟೆ ಅಂತ ರೇಟಿಂಗ್ ಇದ್ದರೆ, ತಾಪ 10 ಡಿಗ್ರಿ ಇಳಿದಾಗಲೆಲ್ಲ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕ್ಲಾಸ್ ಎ ಆಂಪ್ ಸದಾ ಬಿಸಿ ಬಿಸಿ, ಅಲ್ಲಿ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. ಆಮೇಲೆ ಬಯಸ್ (ಹಾಡು ಇಲ್ಲದಾಗಲೂ ಹರಿಯುವ ಕರೆಂಟ್), ಡಿಸಿ ಆಫ್‌ಸೆಟ್ (ಔಟ್‌ಪುಟ್‌ನಲ್ಲಿ ಉಳಿಯುವ ಡಿಸಿ ವೋಲ್ಟೇಜ್) ಸೆಟ್ ಮಾಡಿ ಕಳಿಸಿದರು. ಕಂಪನಿಗೆ ದುಡ್ಡೂ ಬಂತು. ಸಿಆರ್‌ಎಂ ಹೇಳಿದಂತೆ ನಡೆದಿದ್ದರೆ ಈ ದುಡ್ಡೂ ಬರುತ್ತಿರಲಿಲ್ಲ.

ಮ್ಯಾನೇಜ್‌ಮೆಂಟ್ ಕೊಡುವ ಕಾರಣಗಳೆಲ್ಲ ಸುಳ್ಳು ಅಂತ ನಾನು ಹೇಳೋದಿಲ್ಲ. ಸೆಕೆಂಡ್ ಹ್ಯಾಂಡ್ ಯೂನಿಟ್‌ನಲ್ಲಿ ಯಾರ್ಯಾರು ಕೈಯಾಡಿಸಿದ್ದಾರೋ ಗೊತ್ತಿರುವುದಿಲ್ಲ. ತೋಷಿಬಾದ 2ಎಸ್‌ಕೆ1530, 2ಎಸ್‌ಜೆ201 ಜೋಡಿಯಂಥ ಟ್ರಾನ್ಸಿಸ್ಟರ್‌ಗಳ ತಯಾರಿಕೆ ನಿಂತಿದೆ. ಅವುಗಳ ನಕಲಿ ಮಾಲು ಎಲ್ಲೆಡೆ ಸಿಗುತ್ತದೆ. ಅದನ್ನು ಹಾಕಿ ಸುಟ್ಟುಕೊಂಡು ‘ನಿಮ್ಮ ಆಂಪ್ ಸರಿ ಇಲ್ಲ’ ಅಂತ ಜಗಳಕ್ಕೆ ಬರುವವರೂ ಇದ್ದಾರೆ. ಕದ್ದ ಮಾಲೂ ಬರುತ್ತದೆ. ಅದಕ್ಕೆ ವಾರಂಟಿ ಕೊಡಬೇಡಿ, ಸರಿ. ಫ್ರೀ ರಿಪೇರಿ ಯಾರೂ ಕೇಳುತ್ತಿಲ್ಲ. ಆದರೆ ವಾರಂಟಿ ಬೇರೆ, ಮಾಹಿತಿ ಬೇರೆ. ವಾರಂಟಿ ರಸೀದಿಯ ಜೊತೆ ಹೋಗಲಿ. ಯಂತ್ರದ ಚರಿತ್ರೆ ಸೀರಿಯಲ್ ನಂಬರಿನ ಜೊತೆ ಇರುತ್ತದೆ, ಮತ್ತು ಆ ಚರಿತ್ರೆ ಇರೋದು ನಮ್ಮ ಹತ್ತಿರ ಮಾತ್ರ. ಕದ್ದ ಮಾಲು ಗೊತ್ತಾಗಬೇಕಾದರೂ ಮೊದಲು ಸೀರಿಯಲ್ ನಂಬರ್ ಕೇಳಬೇಕಲ್ಲ!

ನಾವು ಮಾರುವ ವಸ್ತುವೇ ಅಂಥದ್ದು. ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರುಕಟ್ಟೆಗೆ ಬಂದದ್ದು 1957ರಲ್ಲಿ. ಅದನ್ನು ಇವತ್ತಿಗೂ ರಿಪೇರಿ ಮಾಡಿಸಿ ಕೇಳುವವರಿದ್ದಾರೆ. ಇಷ್ಟು ವರ್ಷ ಬಾಳುವ ಯಂತ್ರ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ‘ತಲೆಮಾರುಗಳ ಕಾಲ ಬಾಳುತ್ತದೆ’ ಅಂತ ಬ್ರೋಷರ್‌ನಲ್ಲಿ ನಾವೇ ಅಚ್ಚು ಹಾಕಿಸುತ್ತೇವೆ. ಎರಡನೇ ತಲೆಮಾರು ಫೋನ್ ಮಾಡಿದರೆ ಟೆಂಪ್ಲೇಟ್ ಕಳಿಸುತ್ತೇವೆ.

ಆ ಟಿಕೆಟ್ ಆದಮೇಲೆ ಎರಡು ಬದಲಾವಣೆ ಕೇಳಿದೆ. ಮಾಲೀಕತ್ವದ ಪ್ರಶ್ನೆಗಿಂತ ಮೊದಲು ಸೀರಿಯಲ್ ನಂಬರ್ ಮತ್ತು ಸುರಕ್ಷತೆಯ ಪ್ರಶ್ನೆ ಬರಲಿ. ಹಳೆಯ ರಿಜಿಸ್ಟರ್ ಸಿಆರ್‌ಎಂಗೆ ಸೇರಲಿ. ಮೊದಲನೆಯದು ಆಯಿತು, ಟಿಎಲ್ಲೇ ಮುಂದೆ ನಿಂತು ಮಾಡಿಸಿದರು. ಎರಡನೆಯದಕ್ಕೆ ಬಜೆಟ್ ಇಲ್ಲವಂತೆ. ಬಿಡುವಿದ್ದಾಗ ನಾನೂ ಬೆಂಚಿನವರೂ ‘ಯು’ ಯೂನಿಟ್‌ಗಳನ್ನಷ್ಟೇ ಒಂದು ಶೀಟಿಗೆ ಇಳಿಸುತ್ತಿದ್ದೇವೆ.

ನೀವು ಹಳೆಯ ಆಂಪ್ ಕೊಂಡಿದ್ದರೆ ಪ್ಲಗ್ ಹಾಕುವ ಮುಂಚೆ ಫ್ಯೂಸ್ ಬಿಚ್ಚಿ ನೋಡಿ. ಸ್ಟಿಕ್ಕರ್, ಫ್ಯೂಸ್, ಸೀರಿಯಲ್ ಪ್ಲೇಟ್ ಮೂರರದ್ದೂ ಫೋಟೋ ತೆಗೆದು ತಯಾರಕರಿಗೆ ಕಳಿಸಿ. ‘ವಾರಂಟಿ ಬೇಡ, ಯಾವ ವೋಲ್ಟೇಜಿಗೆ ಕಟ್ಟಿದ್ದು ಅಂತ ಹೇಳಿದರೆ ಸಾಕು’ ಅಂತ ಮೊದಲ ಸಾಲಿನಲ್ಲೇ ಬರೀರಿ. ಟೆಂಪ್ಲೇಟ್ ಉತ್ತರ ಬಂದರೆ ಸುಮ್ಮನಾಗಬೇಡಿ, ಸರ್ವಿಸ್ ಬೆಂಚಿಗೆ ಕನೆಕ್ಟ್ ಮಾಡಿ ಅಂತ ಕೇಳಿ.